ಖಾಲಾ ಪಂಪು ಬಿಟ್ಟ ಚಳಿಗಾಲ

ಹೋದ ತಿಂಗಳು ಮೊಣಕಾಲು ನೋವೆಂದು ಹಿರೇಕೆರೂರಿನ ಡಾಕ್ಟರರ ಹತ್ತಿರ ಹೋಗಿದ್ದೆ. ಅವರು ರಕ್ತ ತಪಾಸಣೆ ಮಾಡಿಸಿ, ಮೈಯಲ್ಲಿ ಡಿ ವಿಟಮಿನ್ ಕಡಿಮೆಯಾಗಿದೆ ಎಂದು ವಾರಕ್ಕೊಂದರಂತೆ ಎಂಟು ಪುಡಿಯ ಪೊಟ್ಟಣ ಬರೆದುಕೊಟ್ಟರು. ಭಾನುವಾರ ಬೆಳಿಗ್ಗೆ ಮೊದಲನೆಯದನ್ನು ಹರಿದು ಬಿಸಿ ಹಾಲಿಗೆ ಸುರಿದೆ. ಕಿತ್ತಳೆ ಪೆಪ್ಪರಮಿಂಟಿನಂಥ ವಾಸನೆ ಗಪ್ಪನೆ ಮೂಗಿಗೆ ಬಂತು. ಲೋಟ ಕೆಳಗಿಟ್ಟು ಹಾಗೇ ಕುಳಿತುಬಿಟ್ಟೆ. ಆ ವಾಸನೆ ನನಗೆ ಹೊಸದಲ್ಲ. ಒಂದು ಚಳಿಗಾಲದಲ್ಲಿ ಎಂಟು ಭಾನುವಾರ ಬೇರೊಬ್ಬರ ಹಾಲಿಗೆ ನಾನೇ ಅದನ್ನು ಸುರಿದು ಕಲಸಿ ಕೊಟ್ಟಿದ್ದೆ…

ಆಗ ನನಗೆ ಸವಣೂರಿನಲ್ಲಿ ಹೈಸ್ಕೂಲು ವಿಜ್ಞಾನ ಟೀಚರ್ ಕೆಲಸ ಸಿಕ್ಕು ಒಂದು ವರ್ಷವಾಗಿತ್ತು. ನನ್ನೂರು ಹಿರೇಬೆಂಡಿಗೇರಿ. ದೂರವೇನಲ್ಲ, ಆದರೆ ಬಸ್ಸು ಬದಲಿಸಿ ದಿನಾ ಹೋಗಿಬರುವುದು ಆಗದೆ ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕೋಣೆಗೂ ಮನೆಯವರ ಪಡಸಾಲೆಗೂ ಒಂದೇ ಗೋಡೆ. ಗೋಡೆಯ ಆಚೆ ಮನೆಯ ಒಡತಿ ದಿನವಿಡೀ ಕೌದಿ ಹೊಲಿಯುತ್ತ ಕೂತಿರುತ್ತಿದ್ದರು. ಓಣಿಯ ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ವಯಸ್ಸು ಐವತ್ತೈದರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆಯೇ ಮನೆ ನೋಡಿಕೊಳ್ಳುತ್ತಿದ್ದಳು.

ಖಾಲಾನ ಕೌದಿಗೆ ಹೆಸರಿತ್ತು. ಹಾನಗಲ್ಲ, ಶಿಗ್ಗಾವಿ ಕಡೆಯಿಂದೆಲ್ಲ ಹಳೆಯ ಸೀರೆ, ಧೋತರದ ಗಂಟು ತಂದು ಹಾಕಿ ಹೋಗುತ್ತಿದ್ದರು. ಅವನ್ನು ಧೂಳು ಹಾರುವಂತೆ ಝಾಡಿಸಿ, ಹರಿದು, ಪದರ ಪದರ ಜೋಡಿಸಿ, ನಾಲ್ಕೂ ಅಂಚಿನಿಂದ ಒಳಗೆ ಹೊಲಿಗೆ ಹಾಕಿಕೊಂಡು ಬರುತ್ತಿದ್ದರು. ಝಾಡಿಸಿದ ದಿನ ಅವರ ಎದೆಯಲ್ಲಿ ಸಣ್ಣ ಸೀಟಿ ಕೇಳಿಸುತ್ತಿತ್ತು. ಮಾತಾಡುತ್ತ ಮಾತಾಡುತ್ತ ನಡುವೆ ನಿಲ್ಲಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎರಡು ಕೈ ನೆಲಕ್ಕೂರಿ ಮುಂದಕ್ಕೆ ಬಾಗಿ ಉಸಿರು ಎಳೆದುಕೊಳ್ಳುತ್ತಿದ್ದರು. ಆಮೇಲೆ ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಿದ್ದರು, ನಡುವೆ ಏನೂ ಆಗಲೇ ಇಲ್ಲವೆನ್ನುವ ಹಾಗೆ. ಹತ್ತಿರ ದಮ್ಮಿಗೆ ಎಳೆದುಕೊಳ್ಳುವ ನೀಲಿ ಬಣ್ಣದ ಒಂದು ಪಂಪು ಇತ್ತು. ತೀರಾ ಕಷ್ಟವಾದಾಗ ಸೆರಗಿನ ಮರೆಯಲ್ಲಿ ಒಂದೆರಡು ಸಲ ಬಾಯಿಗೆ ಹೊಡೆದುಕೊಳ್ಳುತ್ತಿದ್ದರು, ಯಾರಾದರೂ ನೋಡಿದರೆ ನಾಚುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿದು ಚಳಿ ಶುರುವಾದಾಗ ಅವರಿಗೆ ವಿಪರೀತವಾಯಿತು. ನಾನೇ ಒತ್ತಾಯ ಮಾಡಿ ಹುಬ್ಬಳ್ಳಿಯ ಎದೆರೋಗದ ಡಾಕ್ಟರರಲ್ಲಿಗೆ ಕರೆದುಕೊಂಡು ಹೊರಟೆ. ಯಲವಿಗಿವರೆಗೆ ಟೆಂಪೊ, ಅಲ್ಲಿಂದ ರೈಲು. ಸ್ಟೇಶನ್ನಿನ ಕಟ್ಟೆಯ ಮೇಲೆ ಕೂತು ಖಾಲಾ ತಮ್ಮ ಭಯ ಹೇಳಿಕೊಂಡರು. ಹಿಂದಿನ ಓಣಿಯ ಒಬ್ಬಾಕೆ ಕೀಲುನೋವಿಗೆ ಯಾರೋ ಕೊಟ್ಟ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿ ಮುಖ ಊದಿಸಿಕೊಂಡಿದ್ದಳಂತೆ, ಬಚ್ಚಲಲ್ಲಿ ಜಾರಿದ್ದೇ ನೆವವಾಗಿ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಳಂತೆ. ಆ ಗುಳಿಗೆಗೆ ಸ್ಟಿರಾಯ್ಡ್ ಅನ್ನುತ್ತಾರಂತೆ. ಡಾಕ್ಟರು ಅದನ್ನು ಬರೆದರೆ ತಾನು ತಗೊಳ್ಳುವುದಿಲ್ಲ ಎಂದು ಮೊದಲೇ ಹೇಳಿಟ್ಟರು.

ಡಾಕ್ಟರು ಬರೆದದ್ದು ಅದನ್ನೇ. ಆದರೆ ಗುಳಿಗೆಯಲ್ಲ, ಪಂಪು. ವಯಸ್ಸಾದ, ತಾಳ್ಮೆಯ ಮನುಷ್ಯ. ಉಸಿರಿನ ಕೊಳವೆಗಳ ಒಳಮೈ ಊದಿಕೊಂಡಿದೆ, ನೀಲಿ ಪಂಪು ಕೊಳವೆಯನ್ನು ಆ ಹೊತ್ತಿಗೆ ಅಗಲ ಮಾಡುತ್ತದೆ ಅಷ್ಟೇ, ಊತ ಇಳಿಸುವುದು ಈ ಇನ್ನೊಂದು ಪಂಪು ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಗುಳಿಗೆ ಮೈಯೆಲ್ಲ ಸುತ್ತುತ್ತದೆ, ಇದು ಬಹುಪಾಲು ಎದೆಯಲ್ಲೇ ಉಳಿಯುತ್ತದೆ, ಪ್ರಮಾಣವೂ ಬಹಳ ಸಣ್ಣದು ಎಂದರು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಆಮೇಲೆ ಬಾಯಿ ಮುಕ್ಕಳಿಸಬೇಕು, ಚೆನ್ನಾಗಿದ್ದರೂ ಬಿಡಬಾರದು. ಬಿಸಿಲಿಗೆ ಹೋಗುತ್ತೀರಾ ಎಂದು ಕೇಳಿದರು. ಖಾಲಾ ಹೋದರೂ ಬುರ್ಖಾದಲ್ಲಿ, ಉಳಿದಂತೆ ದಿನವೆಲ್ಲ ಪಡಸಾಲೆಯ ಅರೆಗತ್ತಲಲ್ಲಿ. ರಕ್ತ ತಪಾಸಣೆಯಲ್ಲಿ ಡಿ ವಿಟಮಿನ್ ತಳ ಕಂಡಿತ್ತು. ಎಂಟು ಪೊಟ್ಟಣ ಬರೆದರು.

ನಾನು ವಿಜ್ಞಾನದ ಟೀಚರಲ್ಲವೇ, ಸುಮ್ಮನಿರಲಾರದೆ, ಡಿ ವಿಟಮಿನ್ನಿಗೂ ದಮ್ಮಿಗೂ ಸಂಬಂಧ ಇದೆಯಂತಲ್ಲ ಎಂದು ಕೇಳಿದೆ. ಡಾಕ್ಟರು ನಕ್ಕರು. ಅದು ತೀರಾ ಕಡಿಮೆ ಇದ್ದವರಲ್ಲಿ ಪಂಪಿನ ಔಷಧ ಪೂರಾ ಕೆಲಸ ಮಾಡದಿರಬಹುದು, ತುಂಬಿಕೊಟ್ಟರೆ ಊತ ಇಳಿಯಲು ಒಂದಿಷ್ಟು ಸಹಾಯ ಆಗಬಹುದು ಎಂದು ಕೆಲವರು ಹೇಳುತ್ತಾರೆ, ಆಗುವುದಿಲ್ಲ ಎನ್ನುವವರೂ ಇದ್ದಾರೆ ಎಂದರು. ಎಲುಬಿಗಂತೂ ಬೇಕೇ ಬೇಕು, ಉಳಿದದ್ದು ಖಾತ್ರಿಯಿಲ್ಲ ಎಂದು ಸೇರಿಸಿದರು. ಈ ‘ಬಹುದು’ಗಳನ್ನೂ ‘ಕೆಲವರು’ಗಳನ್ನೂ ನಾನು ಹುಬ್ಬಳ್ಳಿಯಲ್ಲೇ ಬಿಟ್ಟುಬಂದೆ.

ಮನೆಗೆ ಬಂದ ಮೇಲೆ ಖಾಲಾ ಹೊಸ ಪಂಪನ್ನು ಚೇಳು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಕೂತಿದ್ದರು. ಕಣ್ಣಲ್ಲಿ ನೀರಾಡಿತ್ತು. ಇದು ಸಾಯುವತನಕ ಬಿಡುವುದಿಲ್ಲವಂತಲ್ಲ ಎಂದು ಸೊಸೆಯ ಹತ್ತಿರ ಹೇಳಿಕೊಳ್ಳುತ್ತಿದ್ದರು. ನನಗೆ ನೋಡಲಾಗಲಿಲ್ಲ. ಪುಡಿಯ ಪೊಟ್ಟಣಗಳನ್ನು ಅವರ ಮುಂದಿಟ್ಟು ಹೇಳಿದೆ:

“ಖಾಲಾ, ನಿಮ್ಮ ಮೈಯಾಗ ಇದು ಇಲ್ಲದ್ದಕ್ಕ ಇಷ್ಟೆಲ್ಲ ಆಗೈತಿ. ಇದೊಂದು ತುಂಬಿತಂದ್ರ ಪಂಪು ತಾನ ಕಡಿಮಿ ಆಗತೈತಿ. ಆಮ್ಯಾಲ ಬ್ಯಾಡಂದ್ರೂ ನಡೀತೈತಿ.”

ಹೇಳುವಾಗ ಅದು ಸುಳ್ಳೆಂದು ನನಗೆ ಅನಿಸಿರಲಿಲ್ಲ. ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಖಾಲಾನ ಮುಖ ಅರಳಿದ್ದು ನೋಡಿ ನನಗೇ ಖುಷಿಯಾಯಿತು.

ಆ ಚಳಿಗಾಲದ ಬೆಳಗುಗಳು ಈಗಲೂ ಕಣ್ಣ ಮುಂದಿವೆ. ಭಾನುವಾರ ನಾನು ಪುಡಿ ಕಲಸಿದ ಹಾಲು ತಂದುಕೊಟ್ಟರೆ, ಬಿಸ್ಮಿಲ್ಲಾ ಎಂದು ಒಂದೇ ಗುಟುಕಿಗೆ ಕುಡಿಯುತ್ತಿದ್ದರು. ಬಿಸಿಲೇರಿದ ಮೇಲೆ ಮಾಳಿಗೆ ಹತ್ತಿ, ಸೊಸೆ ಕಟ್ಟಿದ ಸೀರೆಯ ಮರೆಯಲ್ಲಿ ಕಾಲು ಚಾಚಿ, ತೋಳು ತೆರೆದು ಕೂರುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಇಷ್ಟು ಹೊತ್ತು ಸುಮ್ಮನೆ ಬಿಸಿಲಲ್ಲಿ ಕೂತದ್ದು ಇದೇ ಮೊದಲು ಎನ್ನುತ್ತಿದ್ದರು. ತಿಂಗಳು ಕಳೆಯುವುದರಲ್ಲಿ ಸೀಟಿ ನಿಂತಿತು. ಮೆಟ್ಟಿಲು ಹತ್ತಿ ಬಂದರೂ ಉಸಿರು ಕಟ್ಟಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಅದು ಪಂಪಿನ ಕೆಲಸ ಎಂದು ಒಮ್ಮೆಯೂ ಹೇಳಲಿಲ್ಲ, ಬಿಸಿಲು ಮತ್ತು ಪುಡಿಯ ಕೆಲಸ ಎಂದೇ ಹೇಳಿದೆ. ಹಾಗೆ ಹೇಳಲು ಚಂದವಿತ್ತು.

ಎಂಟನೇ ಪೊಟ್ಟಣ ಮುಗಿದ ಭಾನುವಾರ. ಖಾಲಾ ದಾರ ತಂದುಕೊಡಲು ಹೇಳಿದರು. ಸೂಜಿ, ದಾರ, ಬೆರಳಟೋಪಿ ಇಡುವ ಬಿಸ್ಕತ್ತಿನ ಡಬ್ಬಿ ತೆರೆದರೆ ಅದರಲ್ಲೇ ಊತ ಇಳಿಸುವ ಪಂಪೂ ಇತ್ತು. ಅದರ ಬೆನ್ನಲ್ಲಿ ಒಂದು ಪುಟ್ಟ ಕಿಂಡಿ, ಒಳಗೆ ಎಷ್ಟು ಸಲದ ಔಷಧ ಉಳಿದಿದೆ ಎಂದು ತೋರಿಸುವ ಅಂಕಿ. ಎಂಬತ್ತನಾಲ್ಕು ಎಂದಿತ್ತು. ಮೊದಲಿನದು ಖಾಲಿಯಾಗಿ ಎರಡನೆಯದನ್ನು ಇತ್ತೀಚೆಗೆ ಶುರು ಮಾಡಿರಬೇಕು ಎಂದುಕೊಂಡು ಮುಚ್ಚಿಟ್ಟೆ.

ಮುಂದಿನ ಭಾನುವಾರ ಮತ್ತೆ ಆ ಡಬ್ಬಿ ತೆರೆಯುವ ಸಂದರ್ಭ ಬಂತು. ಕಿಂಡಿಯಲ್ಲಿ ಎಂಬತ್ತನಾಲ್ಕೇ ಇತ್ತು.

ದಿನಕ್ಕೆ ನಾಲ್ಕರಂತೆ ಇಳಿಯಬೇಕಾದ ಅಂಕಿ ಏಳು ದಿನದಲ್ಲಿ ಒಂದೂ ಇಳಿದಿರಲಿಲ್ಲ. ತಿರುಗಿ ನೋಡಿದೆ. ಖಾಲಾ ಬಾಗಿಲ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದರು, ಬಾಯಲ್ಲಿ ಏನೋ ಗುನುಗು. ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಕೇಳಿದರೆ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ನೀವೇ ಹೇಳಿದ್ದಿರಲ್ಲ ಟೀಚರ್, ಎನ್ನುತ್ತಾರೆ. ಡಬ್ಬಿ ಮುಚ್ಚಿ ನನ್ನ ಕೋಣೆಗೆ ಬಂದೆ.

ಆಮೇಲಿನ ಮೂರು ದಿನ ನಾನು ಗೋಡೆಗೆ ಕಿವಿ ಕೊಟ್ಟುಕೊಂಡೇ ಬದುಕಿದೆ. ಬೆಳಗಿನ ನಮಾಜಿಗೆ ಎದ್ದಾಗ ಒಂದು ಕೆಮ್ಮು. ಒಲೆ ಹೊತ್ತಿಸುವಾಗ ಇನ್ನೊಂದು. ಹೊಲಿಯುವಾಗ ಸೊಸೆಯೊಂದಿಗೆ ಆಡುವ ಮಾತು ಎಲ್ಲಿ ತುಂಡಾಗುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಶುರುವಾಗುತ್ತದೆ… ನಾನು ಎಣಿಸುತ್ತಿದ್ದೆ. ಸೋಮವಾರ, ಶಾಲೆಯಿಂದ ಬಂದು ಕೇಳುತ್ತೇನೆ ಎಂದುಕೊಂಡೆ, ಬಂದಾಗ ನೆಂಟರಿದ್ದರು. ಮಂಗಳವಾರ ನೆಂಟರಿರಲಿಲ್ಲ. ಖಾಲಾ ನನ್ನನ್ನು ಕೂರಿಸಿ ಚಹಾ ಕೊಟ್ಟು, ಎಷ್ಟು ಹಗುರಾಗಿದೆ ನೋಡಿ ಮೈ ಎಂದರು. ಆ ಮಾತಿನ ನಡುವೆ ಎರಡು ಸಲ ನಿಲ್ಲಿಸಿದರು. ನಾನು ಚಹಾ ಕುಡಿದು ಎದ್ದು ಬಂದೆ. ಅಂಥ ಹೇಡಿತನ ನನ್ನಲ್ಲಿದೆ ಎಂದು ಅದುವರೆಗೆ ನನಗೆ ತಿಳಿದಿರಲಿಲ್ಲ. ನಾಳೆ ಖಂಡಿತ, ಎಂದು ನನಗೆ ನಾನೇ ಹೇಳಿಕೊಂಡೆ.

ಬುಧವಾರ ಬೆಳಿಗ್ಗೆ ಹಾನಗಲ್ಲ ತಾಲ್ಲೂಕಿನ ಆಡೂರಿನಿಂದ ಒಂದು ದೊಡ್ಡ ಗಂಟು ಬಂದಿತ್ತು. ಬಾಣಂತಿ ಮಗಳಿಗೂ ಕೂಸಿಗೂ ಕೌದಿ ಬೇಕಂತೆ, ತೀರಿಹೋದ ಅಜ್ಜಿಯ ಸೀರೆಗಳನ್ನೇ ಹಾಕಿ ಹೊಲಿಯಬೇಕಂತೆ. ಎಷ್ಟೋ ವರ್ಷ ಟ್ರಂಕಿನಲ್ಲಿ ಮುಚ್ಚಿಟ್ಟ ಇಳಕಲ್ಲ ಸೀರೆಗಳು. ಸೊಸೆ ತಾನೇ ಹೊರಗೆ ಝಾಡಿಸುತ್ತೇನೆ ಎಂದರೂ ಕೇಳದೆ, ಈಗ ನನಗೇನೂ ಆಗುವುದಿಲ್ಲ ಎಂದು ಖಾಲಾ ಪಡಸಾಲೆಯಲ್ಲೇ ಗಂಟು ಬಿಚ್ಚಿದರು.

ಮಧ್ಯಾಹ್ನ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಸೊಸೆಯ ಫೋನು ಬಂತು. ಅತ್ತೆಗೆ ಉಸಿರು ಬರುತ್ತಿಲ್ಲ, ನೀಲಿ ಪಂಪು ಹೊಡೆದೂ ಹೊಡೆದೂ ಖಾಲಿಯಾಯಿತು ಎಂದಳು. ಪುಸ್ತಕ ಮೇಜಿನ ಮೇಲೆ ಬಿಟ್ಟು ಓಡಿದೆ. ಖಾಲಾ ಕಂಬಕ್ಕೆ ಒರಗಿ ಕೂತಿದ್ದರು. ತುಟಿಯ ಬಣ್ಣ ಬೇರೆಯಾಗಿತ್ತು. ಕೊರಳಿನ ಗುಳಿ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ನನಗೆ ಹೆಚ್ಚು ಹೆದರಿಕೆಯಾದದ್ದು ಬೇರೆಯದಕ್ಕೆ. ಸೀಟಿಯ ಸದ್ದೇ ಇರಲಿಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿರಲಿಲ್ಲ.

ಓಣಿಯ ಆಟೋದವರು ತಾವಾಗಿಯೇ ಗಾಡಿ ತಂದರು. ನಾನೂ ಸೊಸೆಯೂ ಎರಡು ಕಡೆ ಹಿಡಿದು ಕೂರಿಸಿದೆವು. ತಾಲ್ಲೂಕು ಆಸ್ಪತ್ರೆ ಹತ್ತಿರವೇ ಇತ್ತು, ಆದರೂ ಆ ದಾರಿ ಮುಗಿಯಲಿಲ್ಲ. ಖಾಲಾ ನನ್ನ ಮಣಿಕಟ್ಟು ಹಿಡಿದಿದ್ದರು. ಅವರ ಹಿಡಿತ ಸಡಿಲವಾಗುತ್ತ ಬಂದದ್ದು ಗೊತ್ತಾಗುತ್ತಿತ್ತು. ನಾನು ಅವರ ಕೈಯನ್ನು ಮತ್ತೆ ಮತ್ತೆ ನನ್ನ ಕೈಗೆ ಸುತ್ತಿಕೊಳ್ಳುತ್ತಿದ್ದೆ.

ಅಲ್ಲಿದ್ದ ಡಾಕ್ಟರು ನನ್ನದೇ ವಯಸ್ಸಿನ ಹೆಣ್ಣುಮಗಳು. ಒಂದು ಮಾತೂ ಕೇಳದೆ ಮೊದಲು ಆಮ್ಲಜನಕ ಹಚ್ಚಿದರು, ಮುಖವಾಡದಲ್ಲಿ ಔಷಧದ ಹೊಗೆ ಹಾಯಿಸಿದರು, ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲಾಯಿನ್ನಿನಲ್ಲಿ ಒಂದು ಔಷಧ ಬಿಟ್ಟರು. ಅದು ಏನೆಂದು ಕೇಳಿದೆ. ಸ್ಟಿರಾಯ್ಡ್ ಎಂದರು. ಖಾಲಾ ಜೀವವಿಡೀ ಹೆದರಿದ್ದ ಔಷಧ ಅವರ ತೋಳಿನಲ್ಲಿ ಹನಿಹನಿಯಾಗಿ ಇಳಿಯುತ್ತಿತ್ತು, ನಾನು ಅದು ಬೇಗ ಇಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ತಾಸಿನ ಮೇಲೆ ಎದೆಯಲ್ಲಿ ಸೀಟಿ ಮತ್ತೆ ಶುರುವಾಯಿತು. ಈಗ ಗಾಳಿ ಆಡುತ್ತಿದೆ ಎಂದು ಡಾಕ್ಟರು ಮೊದಲ ಸಲ ಕುರ್ಚಿಯಲ್ಲಿ ಕೂತರು. ಹಳೆಯ ಚೀಟಿ ತಿರುವಿ ಹಾಕಿ, ಪಂಪು ಬಿಟ್ಟದ್ದನ್ನು ಸೊಸೆಯ ಬಾಯಿಂದ ತಿಳಿದು, ನಮ್ಮಿಬ್ಬರ ಕಡೆ ನೋಡಿ ಕೇಳಿದರು:

“ಇಷ್ಟು ಚಲೋ ಔಷಧ ನಡೆದಿತ್ತು. ಪಂಪು ಬಿಡು ಅಂತ ಇವರಿಗೆ ಯಾರು ಹೇಳಿದ್ರು?”

ಸೊಸೆ ನೆಲ ನೋಡಿದಳು. ಮಂಚದ ಮೇಲೆ ಮುಖವಾಡ ಹಾಕಿಕೊಂಡಿದ್ದ ಖಾಲಾ, ಕಣ್ಣು ಮುಚ್ಚಿದ್ದವರು, ಸೂಜಿ ಚುಚ್ಚದ ಕೈಯನ್ನು ನಿಧಾನವಾಗಿ ಎತ್ತಿ, ಬೆರಳಿನಿಂದ ತಮ್ಮ ಎದೆಯನ್ನೇ ತೋರಿಸಿದರು.

ನಾನು ಆಗಲೂ ಏನೂ ಹೇಳಲಿಲ್ಲ.

ಐದು ದಿನಕ್ಕೆ ಮನೆಗೆ ಬಂದರು. ಬಂದವರು ಓಣಿಗೆಲ್ಲ ಒಂದೇ ಮಾತು ಹೇಳಿದರು, ಟೀಚರ್ ಇಲ್ಲದಿದ್ದರೆ ತಾನು ಇರುತ್ತಿರಲಿಲ್ಲ ಎಂದು. ನೋಡಲು ಬಂದ ಹೆಂಗಸರು ನನ್ನ ಕೈ ಹಿಡಿದುಕೊಂಡು ಹರಸಿದರು. ಮಗ ಲಾರಿ ಬಿಟ್ಟು ಬಂದು ನನ್ನ ಮುಂದೆ ಅತ್ತುಬಿಟ್ಟ. ಶಾಲೆಯಲ್ಲಿ ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ನನ್ನ ಹೆಸರೆತ್ತಿ ಹೊಗಳಿದರು. ಮಕ್ಕಳು ಚಪ್ಪಾಳೆ ತಟ್ಟುವಾಗ ನಾನು ಎಲ್ಲಿ ನೋಡಬೇಕೋ ತಿಳಿಯದೆ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ನೋಡುತ್ತ ನಿಂತಿದ್ದೆ. ಯಾರಾದರೂ ಒಬ್ಬರು ಎದ್ದು ನಿಂತು, ಪಂಪು ಬಿಡಲು ಹೇಳಿದವಳೇ ಇವಳು ಎಂದುಬಿಡಬಹುದು ಎಂಬ ಭಯ ಇತ್ತು. ಯಾರೂ ಹೇಳುವುದಿಲ್ಲ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಹದಿನೈದು ದಿನ ಕಳೆದಿರಬೇಕು. ಸೊಸೆ ಸಂತೆಗೆ ಹೋಗಿದ್ದಳು. ಖಾಲಾ ಮಾಳಿಗೆಯ ಮೇಲೆ ಬಿಸಿಲಿಗೆ ಕೂತಿದ್ದರು. ನಾನು ಹತ್ತಿ ಹೋಗಿ ಎದುರಿಗೆ ಕೂತು, ತಡವರಿಸುತ್ತ ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು ಒಂದು, ನಾನು ಹೇಳಿದ್ದು ಒಂದು. ಎಂಬತ್ತನಾಲ್ಕನ್ನು ಎರಡು ಸಲ ನೋಡಿದ್ದೆ. ನೋಡಿಯೂ ಮೂರು ದಿನ ಸುಮ್ಮನಿದ್ದೆ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಬಿಡಬೇಕಂತ ನನ್ನ ಮನಸ್ಸಿನಾಗ ಮೊದಲ ದಿನದಿಂದನೂ ಇತ್ರಿ. ನೀವು ಹೇಳಿದ್ದು ಒಂದು ನೆವ ಆತು,” ಎಂದರು. ಸೆರಗು ಸರಿಮಾಡಿಕೊಂಡು ನನ್ನನ್ನು ನೇರವಾಗಿ ನೋಡಿದರು. “ಆದ್ರ ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಖಾತ್ರಿ ಇಲ್ಲದ್ದನ್ನ ಖಾತ್ರಿ ಇದ್ದಂಗ ಹೇಳಬ್ಯಾಡ್ರಿ. ನೀವು ಟೀಚರ್ ಅದೀರಿ. ಮಂದಿ ನಂಬತಾರ.”

ಸಿಟ್ಟಿನ ದನಿಯಲ್ಲ. ಹೊಲಿಗೆ ಸೊಟ್ಟ ಹೋದಾಗ ಸೊಸೆಗೆ ತೋರಿಸುವರಲ್ಲ, ಅದೇ ದನಿ. ನನಗೆ ಅಳು ಬಂತು. ಅವರು ಅಳಬೇಡಿ ಎನ್ನಲಿಲ್ಲ. ಅತ್ತು ಮುಗಿಯುವವರೆಗೆ ಕಾದು, ಕೆಳಗೆ ಹೋಗಿ ಪಂಪು ತರಲು ಹೇಳಿದರು, ಹೊತ್ತಾಗಿತ್ತು. ನನ್ನೆದುರೇ ಎರಡು ಸಲ ಎಳೆದುಕೊಂಡು, ಬಾಯಿ ಮುಕ್ಕಳಿಸಿ ಉಗುಳಿದರು. ಅಂದಿನಿಂದ ಯಾರಿದ್ದರೂ ಸರಿ, ಗಂಟು ತಂದ ಗಿರಾಕಿಗಳ ಎದುರಲ್ಲೂ, ಮರೆ ಮಾಡದೆ ತಗೊಳ್ಳುತ್ತಿದ್ದರು. ಕೌದಿ ಹೊಲಿಯುವುದನ್ನು ಬಿಡಲಿಲ್ಲ. ಆದರೆ ಒಗೆದು ಒಣಗಿಸಿದ ಬಟ್ಟೆ ತಂದರೆ ಮಾತ್ರ ಎಂದು ಷರತ್ತು ಹಾಕಿದರು. ಆಡೂರಿನವರ ಕೌದಿಯನ್ನು ಹಾಗೆಯೇ ಒಗೆಸಿ, ತಡವಾಗಿಯಾದರೂ ಮುಗಿಸಿ ಕಳಿಸಿದರು.

ಇನ್ನೂ ನಾಲ್ಕು ವರ್ಷ ನಾನು ಆ ಗೋಡೆಯ ಈಚೆಗಿದ್ದೆ. ಅವರು ಚೆನ್ನಾಗಿಯೇ ಇದ್ದರು. ಆದರೂ ಪ್ರತಿ ಚಳಿಗಾಲ, ಪ್ರತಿ ಕೆಮ್ಮಿಗೆ ನನಗೆ ಡಬ್ಬಿ ತೆರೆದು ಅಂಕಿ ನೋಡಬೇಕೆನಿಸುತ್ತಿತ್ತು. ಒಮ್ಮೆ ನೋಡುವಾಗ ಸಿಕ್ಕಿಬಿದ್ದೆ. ಖಾಲಾ ನಕ್ಕು, ಇವತ್ತು ಎಷ್ಟಿರಬೇಕು ನೀವೇ ಲೆಕ್ಕ ಮಾಡಿ ಹೇಳಿ ಎಂದರು. ಹೇಳಿದೆ. ಸರಿಯಿತ್ತು.

ಹಿರೇಕೆರೂರಿಗೆ ವರ್ಗವಾಗಿ ಬಂದ ಮೇಲೆ ಫೋನಿನಲ್ಲೇ ಮಾತು. ಕರೆ ಬಂದಾಗಲೆಲ್ಲ ಅವರು ಏನು ಹೇಳುತ್ತಿದ್ದಾರೆ ಎನ್ನುವುದಕ್ಕಿಂತ ಮಾತು ತುಂಡಾಗುತ್ತಿದೆಯೇ ಎಂದೇ ಕೇಳಿಸಿಕೊಳ್ಳುತ್ತಿದ್ದೆ. ಎಷ್ಟೋ ಸುದ್ದಿ ಹಾಗೆ ನನ್ನ ಕಿವಿಗೆ ಬಿದ್ದೂ ಉಳಿಯಲಿಲ್ಲ… ಈಗ ಅದಕ್ಕೆ ಹಳಹಳಿಸುತ್ತೇನೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಸೊಸೆಯ ಫೋನು ಬಂತು, ಖಾಲಾ ಹೋಗಿ ಆಗಲೇ ಮೂರು ದಿನವಾಗಿತ್ತು. ಗಡಿಬಿಡಿಯಲ್ಲಿ ನನ್ನ ನಂಬರು ಸಿಕ್ಕಿರಲಿಲ್ಲವಂತೆ. ಮರುದಿನವೇ ಹೊರಟೆ. ಹಾನಗಲ್ಲ ಮೇಲಿಂದ ಬಸ್ಸು ಬದಲಿಸಿ ಸವಣೂರು ಮುಟ್ಟುವವರೆಗೂ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಸೊಸೆ ನನ್ನನ್ನು ತಬ್ಬಿಕೊಂಡು ಅಳುತ್ತಿರುವಾಗಲೇ ನಾನು ಅದನ್ನು ಕೇಳಿಬಿಟ್ಟೆ, ಉಸಿರಿನ ತೊಂದರೆಯಾಗಿತ್ತಾ ಎಂದು.

“ಇಲ್ರಿ ಟೀಚರ್. ಜ್ವರ ಬಂದು ನಾಲ್ಕ ದಿನಕ್ಕ ಹಾರ್ಟ್ ನಿಂತಿತ್ರಿ. ಉಸಿರು ಕಡೀತನಕ ಚಲೋ ಇತ್ರಿ,” ಎಂದಳು.

ಆ ಕ್ಷಣ ನನಗೆ ಅಳು ಬರಲಿಲ್ಲ. ಹಗುರವಾಯಿತು. ಅವರು ಸತ್ತ ಮನೆಯ ಪಡಸಾಲೆಯಲ್ಲಿ ನಿಂತು ನನಗೆ ಹಗುರವಾಯಿತು. ಅದಕ್ಕೆ ನಾನು ಇವತ್ತಿಗೂ ನಾಚುತ್ತೇನೆ. ಅಳು ಬಂದದ್ದು ತಿರುಗಿ ಬರುವ ಬಸ್ಸಿನಲ್ಲಿ.

ಈಗ ನಮ್ಮ ಶಾಲೆಯ ಒಂದು ಮಗುವಿಗೆ ದಮ್ಮು. ಅದರ ತಾಯಿ ಮೊನ್ನೆ ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತು, ಪಂಪು ಚಟವಾಗುವುದಿಲ್ಲವೇ, ಬಿಸಿಲಿಗೆ ಕೂರಿಸಿದರೆ ಹೋಗುತ್ತದಂತೆ ಹೌದೇ, ಎಂದು ಕೇಳಿದಳು. ನನ್ನ ಬಾಯಿ ತುದಿಗೆ ಹತ್ತು ಉತ್ತರ ಬಂದವು. ನನಗೆ ಗೊತ್ತಿಲ್ಲವ್ವಾ, ಡಾಕ್ಟರು ಹೇಳುವತನಕ ಪಂಪು ಮಾತ್ರ ಬಿಡಿಸಬೇಡ, ಸಂಜೆ ನಾನೂ ಬರುತ್ತೇನೆ, ಕೇಳೋಣ ಎಂದೆ. ಆಕೆ ಸ್ವಲ್ಪ ನಿರಾಶೆಯಿಂದ ನನ್ನನ್ನು ನೋಡಿದಳು. ವಿಜ್ಞಾನದ ಟೀಚರಿಗೂ ಗೊತ್ತಿಲ್ಲವೇ ಎಂಬ ನೋಟ. ಸಂಜೆ ಹೋದೆವು, ಡಾಕ್ಟರು ಹೇಳಿದ್ದನ್ನು ಅವರು ಹೇಳಿದಷ್ಟೇ ಬರೆದುಕೊಟ್ಟೆ. ಮನೆಗೆ ಬಂದು, ಇವತ್ತು ಹೀಗಾಯಿತು ಎಂದು ಹೇಳಲು ಫೋನು ಕೈಗೆತ್ತಿಕೊಂಡೆ. ‘ಗೊತ್ತಿಲ್ಲ’ ಎನ್ನುವುದು ನನಗೆ ಎಷ್ಟು ಕಷ್ಟ ಎಂದು ತಿಳಿದಿದ್ದವರು ಲೋಕದಲ್ಲಿ ಖಾಲಾ ಒಬ್ಬರೇ ಇದ್ದರು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕೆಳಗಿಟ್ಟೆ.